ದಿನನಿತ್ಯದ ಸೌಜನ್ಯದಿಂದ ಸಮಾಜ ಬದಲಾಗುತ್ತದೆಯೇ?

ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವುದು, ದಾರಿ ಕೇಳಿದವರಿಗೆ ನಿಂತು ವಿವರಿಸುವುದು, ಸಹೋದ್ಯೋಗಿಯ ಕಷ್ಟವನ್ನು ಕೇಳಿಸಿಕೊಳ್ಳುವುದು ಮೊದಲಾದ ಸಣ್ಣ ಉಪಕಾರಗಳಿಂದ ಸಮಾಜದಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದೆಯೇ, ಅಥವಾ ಅವು ಮಾಡಿದವರ ಮನಸ್ಸಮಾಧಾನಕ್ಕಷ್ಟೇ ಸೀಮಿತವೇ ಎಂದು ನೀವು ಕೇಳಿದ್ದೀರಿ. ಬದಲಾಗುತ್ತದೆ ಎಂಬುದು ನನ್ನ ಉತ್ತರ. ಆದರೆ ಒಳ್ಳೆಯತನವು ಒಬ್ಬರಿಂದ ಇನ್ನೊಬ್ಬರಿಗೆ ತಾನಾಗಿಯೇ ಹಬ್ಬುತ್ತಾ ಹೋಗುತ್ತದೆ ಎಂಬ ಜನಪ್ರಿಯ ವಿವರಣೆಯನ್ನು ನಾನು ಪೂರ್ತಿ ಒಪ್ಪಲಾರೆ.

ಆ ವಿವರಣೆಗೆ ಆಧಾರವೇ ಇಲ್ಲವೆಂದಲ್ಲ. ಸಂಶೋಧಕರಾದ ಜೇಮ್ಸ್ ಫೌಲರ್ ಮತ್ತು ನಿಕೊಲಸ್ ಕ್ರಿಸ್ಟಾಕಿಸ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರು ಗುಂಪು ಬದಲಿಸುತ್ತಾ ಆಡಿದ ಹಣದ ಆಟವೊಂದರಲ್ಲಿ, ಒಬ್ಬರು ತೋರಿದ ಔದಾರ್ಯದ ಪ್ರಭಾವವು ಅದನ್ನು ಪಡೆದವರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ, ಹೀಗೆ ಮೂರನೆಯ ಹಂತದ ವ್ಯಕ್ತಿಯವರೆಗೂ ಕಾಣಿಸಿಕೊಂಡಿತು. ಆದರೂ ಅದು ಪ್ರಯೋಗಕ್ಕೆಂದು ಏರ್ಪಡಿಸಿದ ಆಟ. ಫೋನ್ ಬೂತಿನಲ್ಲಿ ಅನಿರೀಕ್ಷಿತವಾಗಿ ಒಂದು ನಾಣ್ಯ ಸಿಕ್ಕವರು, ಕಾಗದಗಳನ್ನು ಬೀಳಿಸಿಕೊಂಡ ಅಪರಿಚಿತರಿಗೆ ಹೆಚ್ಚಾಗಿ ನೆರವಾದರು ಎಂಬ 1972ರ ಪ್ರಸಿದ್ಧ ಫಲಿತಾಂಶವಂತೂ, ಮುಂದೆ ಬೇರೆಯವರು ಅದೇ ಬಗೆಯ ಪ್ರಯೋಗ ಮಾಡಿದಾಗ ಗಟ್ಟಿಯಾಗಿ ನಿಲ್ಲಲಿಲ್ಲ. ಮನಸ್ಸು ಹಗುರವಾದಾಗ ಹುಟ್ಟುವ ಔದಾರ್ಯ ಮನಸ್ಸು ಭಾರವಾದೊಡನೆ ಇಳಿದುಹೋಗುವುದು ಸಹಜವೇ ಆಗಿದೆ.

ನನಗೆ ಹೆಚ್ಚು ನಂಬಿಕೆಯಿರುವುದು ಬೇರೊಂದು ದಾರಿಯಲ್ಲಿ. 1968ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನಶ್ಶಾಸ್ತ್ರಜ್ಞರಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ, ಕೋಣೆಯಲ್ಲಿ ಪ್ರಶ್ನಾವಳಿ ತುಂಬುತ್ತಿದ್ದ ವಿದ್ಯಾರ್ಥಿಗಳ ಕಡೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಂಟಿಯಾಗಿದ್ದವರಲ್ಲಿ ಶೇ. 75ರಷ್ಟು ಮಂದಿ ಎದ್ದುಹೋಗಿ ತಿಳಿಸಿದರೆ, ಏನೂ ಆಗದವರಂತೆ ಕುಳಿತಿರಲು ಮೊದಲೇ ಹೇಳಿಸಿಕೊಂಡಿದ್ದ ಇಬ್ಬರ ನಡುವೆ ಇದ್ದವರಲ್ಲಿ ಹಾಗೆ ಮಾಡಿದವರು ಶೇ. 10 ಮಾತ್ರ. ಇಂಥ ಸಂದರ್ಭದಲ್ಲಿ ಏನು ಮಾಡುವುದು ವಾಡಿಕೆ ಎಂಬುದನ್ನು ಮನುಷ್ಯರು ಅಕ್ಕಪಕ್ಕದವರ ಮುಖ ನೋಡಿ ತೀರ್ಮಾನಿಸುತ್ತಾರೆ. ಎಲ್ಲರೂ ಸುಮ್ಮನಿರುವಾಗ ಮೊದಲು ಏಳುವವರು ತಾವು ನೆರವಾದ ಒಬ್ಬರಿಗಷ್ಟೇ ಉಪಕಾರ ಮಾಡಿರುವುದಿಲ್ಲ. ನೋಡುತ್ತಿದ್ದ ಉಳಿದವರ ಪಾಲಿಗೆ ಆ ವಾಡಿಕೆಯನ್ನೇ ಬದಲಿಸಿರುತ್ತಾರೆ.

ಇದನ್ನು ನಾನು ಹತ್ತಿರದಿಂದ ಕಂಡದ್ದು ಅರ್ಜಿಗಳನ್ನು ಸ್ವೀಕರಿಸುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ. ಅರ್ಜಿಯಲ್ಲಿ ತಪ್ಪಿದ್ದರೆ "ಸರಿ ಮಾಡಿಕೊಂಡು ಬನ್ನಿ" ಎಂದು ಕಾಗದವನ್ನು ಹಿಂದಕ್ಕೆ ತಳ್ಳುವುದು ಅಲ್ಲಿನ ರೂಢಿಯಾಗಿತ್ತು. ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಮಾತ್ರ ತಪ್ಪಾದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ತರಬೇಕಾದ ದಾಖಲೆಯ ಹೆಸರನ್ನು ಅಂಚಿನಲ್ಲಿ ಬರೆದು ಕೊಡುತ್ತಿದ್ದರು. ಅವರ ಕೌಂಟರಿನ ಸಾಲು ಸರಿಯುವುದೇ ಇಲ್ಲ ಎಂದು ಮೊದಮೊದಲು ಗೊಣಗಾಟವಿತ್ತು. ಆದರೆ ಅವರ ಬಳಿಗೆ ಬಂದವರು ಅದೇ ತಪ್ಪಿನೊಂದಿಗೆ ಮತ್ತೆ ಬರುವುದು ಕಡಿಮೆಯಾಯಿತು. ಉಳಿದ ಕೌಂಟರುಗಳಲ್ಲಿ ನಿಂತವರು "ಆ ಮೇಡಂ ಗುರುತು ಹಾಕಿ ಕೊಡುತ್ತಾರಲ್ಲ, ನೀವೂ ಹಾಕಿಕೊಡಿ" ಎಂದು ಕೇಳತೊಡಗಿದರು. ನಮ್ಮಲ್ಲಿ ಕೆಲವರು ಪೆನ್ಸಿಲ್ ಹಿಡಿದದ್ದು ಕರುಣೆಯಿಂದಲ್ಲ, ಈ ಒತ್ತಾಯದ ಕಿರಿಕಿರಿಯಿಂದ. ಅದರಿಂದ ಅರ್ಜಿದಾರರಿಗೇನೂ ನಷ್ಟವಾಗಲಿಲ್ಲ. ಕೊನೆಗೆ ಮೇಲಧಿಕಾರಿಗಳು ಭರ್ತಿ ಮಾಡಿದ ಮಾದರಿ ಅರ್ಜಿಯೊಂದನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದರು. ಆ ಸಹೋದ್ಯೋಗಿ ವರ್ಗವಾಗಿ ಹೋದ ಮೇಲೂ ಮಾದರಿ ಅರ್ಜಿ ಅಲ್ಲಿಯೇ ಉಳಿಯಿತು.

ಇದೇ ಬಗೆಯ ಬೆಳವಣಿಗೆ ಬಹು ದೊಡ್ಡ ಪ್ರಮಾಣದಲ್ಲಿ ನಡೆದದ್ದು ರಕ್ತದಾನದ ಚರಿತ್ರೆಯಲ್ಲಿ. 1921ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ, ರೋಗಿಯೊಬ್ಬರಿಗೆ ತುರ್ತಾಗಿ ರಕ್ತ ಕೊಡುವವರು ಬೇಕೆಂದು ಕ್ಯಾಂಬರ್ವೆಲ್ ರೆಡ್ ಕ್ರಾಸ್ ಶಾಖೆಗೆ ಕರೆ ಬಂದಿತು. ಶಾಖೆಯ ಕಾರ್ಯದರ್ಶಿ ಪರ್ಸಿ ಲೇನ್ ಆಲಿವರ್ ಕೆಲವು ಸಂಗಡಿಗರೊಂದಿಗೆ ಹೋದರು. ಅವರಲ್ಲಿ ಒಬ್ಬ ದಾದಿಯ ರಕ್ತ ಹೊಂದಿಕೆಯಾಯಿತು. ವಿಷಯ ಅಲ್ಲಿಗೇ ಮುಗಿದಿದ್ದರೆ ಅದು ಯಾರ ನೆನಪಿನಲ್ಲೂ ಉಳಿಯದ ಒಂದು ಒಳ್ಳೆಯ ಕೆಲಸವಾಗಿರುತ್ತಿತ್ತು. ಆದರೆ ಮುಂದಿನ ಸಲ ಕರೆ ಬಂದಾಗ ಹುಡುಕಾಡುವಂತಾಗಬಾರದೆಂದು ಆಲಿವರ್ ಸ್ವಯಂಸೇವಕರ ಪಟ್ಟಿಯನ್ನೇ ಸಿದ್ಧಪಡಿಸಿದರು. ಅವರೂ ಅವರ ಪತ್ನಿಯೂ ಸೇರಿ ಮನೆಯಿಂದಲೇ ಆ ವ್ಯವಸ್ಥೆಯನ್ನು ನಡೆಸಿದರು. 1926ರಲ್ಲಿ ರೆಡ್ ಕ್ರಾಸ್ ಅದನ್ನು ತನ್ನದಾಗಿಸಿಕೊಂಡಿತು. ಬೇರೆ ದೇಶಗಳಿಗೂ ಅದು ಮಾದರಿಯಾಯಿತು. ರಕ್ತ ಕೊಡುವ ಮನಸ್ಸುಳ್ಳವರು ಅದಕ್ಕೆ ಮೊದಲೂ ಇದ್ದಿರಬೇಕು. ಮನಸ್ಸಿದ್ದವರು ಬೇಕಾದ ಹೊತ್ತಿಗೆ ಸಿಗುವಂತೆ ಮಾಡಿದ್ದು ಆಲಿವರ್ ಅವರ ಹೆಚ್ಚುಗಾರಿಕೆ.

ಸಣ್ಣ ಉಪಕಾರ ಸಣ್ಣದೆಂದೇ ನಿಮಗೆ ಅನ್ನಿಸುತ್ತಿರುವುದಕ್ಕೂ ಒಂದು ಕಾರಣವಿದೆ. ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅವರ ಪ್ರಯೋಗಗಳಲ್ಲಿ, ಚಳಿಯ ದಿನ ಅಪರಿಚಿತರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಪಾನೀಯ ಕೊಟ್ಟವರು ಅದರಿಂದ ಪಡೆದವರಿಗೆ ಆಗುವ ಸಂತೋಷವನ್ನು ವಾಸ್ತವಕ್ಕಿಂತ ಕಡಿಮೆಯಾಗಿ ಅಂದಾಜಿಸಿದ್ದರು. ಕೊಡುವವರ ಗಮನ ವಸ್ತುವಿನ ಮೇಲಿದ್ದರೆ, ಪಡೆಯುವವರಿಗೆ ಅದರ ಹಿಂದಿನ ಆತ್ಮೀಯತೆಯೂ ತಲುಪಿರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವ್ಯವಸ್ಥೆಯ ದೋಷವನ್ನು ವ್ಯಕ್ತಿಗಳ ಒಳ್ಳೆಯತನ ಮುಚ್ಚಿಹಾಕುವುದೂ ಉಂಟು. ಕೆಲಸದ ಹೊರೆ ಮಿತಿಮೀರಿದ ಕಡೆ ಒಬ್ಬರು ಪ್ರತಿದಿನ ಉಳಿದವರ ಕೆಲಸವನ್ನು ತಾವೇ ಮಾಡಿಕೊಡುತ್ತಿದ್ದರೆ, ಅಲ್ಲಿ ಜನ ಸಾಲದು ಎಂಬುದು ಮೇಲಿನವರ ಗಮನಕ್ಕೆ ಬರುವುದೇ ಇಲ್ಲ. ಸಹೋದ್ಯೋಗಿಯ ಕಷ್ಟ ಕೇಳಿಸಿಕೊಳ್ಳುವುದಾಗಿ ನೀವು ಹೇಳಿದ್ದೀರಿ. ಕೇಳುವುದನ್ನು ಖಂಡಿತ ಮುಂದುವರಿಸಿ. ಆದರೆ ಅದೇ ಕಷ್ಟವನ್ನು ಇನ್ನಿಬ್ಬರು ಮೂವರು ಹೇಳಿಕೊಂಡರೆ, ಅವರ ಒಪ್ಪಿಗೆ ಪಡೆದು, ಎಲ್ಲರೂ ಕೂಡಿ ಅದನ್ನು ಬರಹದಲ್ಲಿ ಮೇಲಧಿಕಾರಿಯ ಮುಂದಿಡಿ, ಉತ್ತರ ಬರುವವರೆಗೂ ವಿಚಾರಿಸುತ್ತಿರಿ.