ಮಗನಿಗೆ ‘ನಾಚಿಕೆ’ ಅಂತ ಯಾರಾದರೂ ಹೆಸರಿಡುತ್ತಾರಾ?

ಪ್ರಶ್ನೆ: ಮೇಷ್ಟ್ರೇ, ಬೈಬಲಿನ ಸಮುವೇಲನ ಪುಸ್ತಕದಲ್ಲಿ ಸೌಲ ರಾಜನ ಮಗನ ಹೆಸರು ಈಷ್ಬೋಶೆತ. ಹೀಬ್ರೂವಿನಲ್ಲಿ ಬೋಶೆತ್ ಅಂದರೆ ನಾಚಿಕೆಯಂತೆ. ಪೂರ್ವಕಾಲವೃತ್ತಾಂತ ಎಂಬ ಬೈಬಲಿನ ಇನ್ನೊಂದು ಪುಸ್ತಕದ ವಂಶಾವಳಿಯಲ್ಲಿ ಆ ಜಾಗದಲ್ಲಿ ಎಷ್ಬಾಳ ಅಂತಿದೆ. ಇಬ್ಬರೂ ಒಬ್ಬನೇನಾ? ನಮ್ಮಲ್ಲಿ ಕೂಸು ಉಳಿಯಲಿ ಅಂತ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ಹಾಗೆ ಇದೂನಾ?
— ಓದುಗರು, ಹಾಸನ

ಉತ್ತರ: ಒಬ್ಬನೇ. ಆದರೆ ತಿಪ್ಪಯ್ಯನ ಕಥೆ ಬೇರೆ. ಅಲ್ಲಿ ಹೆಸರಿಟ್ಟವರು ಹೆತ್ತವರು. ಇಲ್ಲಿ ಹೆಸರು ಬದಲಿಸಿದವರು ಗ್ರಂಥ ನಕಲು ಮಾಡುತ್ತಿದ್ದವರು, ಅದೂ ಅವನು ಸತ್ತು ಎಷ್ಟೋ ಕಾಲದ ಮೇಲೆ. ಹೆಚ್ಚಿನ ವಿದ್ವಾಂಸರು ಹೀಗೇ ಹೇಳುತ್ತಾರೆ.

ಕಾರಣ ‘ಬಾಳ’ ಎಂಬ ಪದ. ಅದು ಇಸ್ರಾಯೇಲರ ನೆರೆಯವರಾದ ಕಾನಾನ್ಯರ ದೇವರ ಹೆಸರು ಮಾತ್ರ ಅಲ್ಲ. ಒಡೆಯ ಅಂತಲೂ ಅರ್ಥ, ಗಂಡ ಅಂತಲೂ ಅರ್ಥ. ನಮ್ಮಜ್ಜಿ ತಾತನನ್ನು ‘ಯಜಮಾನ್ರು’ ಅಂತಿದ್ದರಲ್ಲ, ಥೇಟ್ ಹಾಗೆ. ಹಾಗಾಗಿ ಸೌಲನ ಕಾಲದಲ್ಲಿ ಇಸ್ರಾಯೇಲರ ದೇವರಾದ ಯೆಹೋವನನ್ನೇ ‘ಬಾಳ’ ಎಂದು ಕರೆದಿರಬಹುದು. ಸೌಲನ ಹಿರಿಮಗ ಯೋನಾತಾನನ ಹೆಸರಿಗೆ ‘ಯೆಹೋವ ಕೊಟ್ಟ’ ಎಂದೇ ಅರ್ಥ. ತಮ್ಮ ಎಷ್ಬಾಳ, ಅಂದರೆ ‘ಬಾಳನ ಮನುಷ್ಯ’. ಒಂದೇ ಮನೆ, ಒಬ್ಬನೇ ಅಪ್ಪ! ಮುಂದೆ ಹೋಶೇಯ ಪ್ರವಾದಿಯ ಪುಸ್ತಕದಲ್ಲಿ, ಇನ್ನು ನನ್ನನ್ನು ‘ಬಾಳ’ ಅನ್ನಬೇಡಿ ಎಂದು ಯೆಹೋವನೇ ಹೇಳುವ ಮಾತು ಬರುತ್ತದೆ. ಆಮೇಲೆ ಆ ಪದ ಬಾಯಲ್ಲಿ ಆಡುವುದಕ್ಕೂ ಬೇಡವಾಯಿತು. ಅದರ ಜಾಗಕ್ಕೆ ‘ನಾಚಿಕೆ’ ಬಂತು.

ಬೋಶೆತ್ ಎಂದರೆ ನಾಚಿಕೆ ಅಲ್ಲವೇ ಅಲ್ಲ, ಪ್ರಾಚೀನ ಮೆಸೊಪಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ‘ಘನತೆ’ ಎಂಬ ಅರ್ಥದ ಪದಕ್ಕೆ ಸೇರಿದ್ದು ಎನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಸ್ರಾಯೇಲರ ಹಳೆಯ ನಾಯಕ ಗಿದ್ಯೋನನನ್ನು ನೋಡಿ. ನ್ಯಾಯಸ್ಥಾಪಕರು ಎಂಬ ಪುಸ್ತಕದಲ್ಲಿ ಅವನು ಯೆರುಬ್ಬಾಳ, 2 ಸಮುವೇಲ 11:21ರಲ್ಲಿ ಯೆರುಬ್ಬೆಶೆತ. ಅದೇ ಮನುಷ್ಯ, ಅದೇ ತಿದ್ದುಪಡಿ. ಯೋನಾತಾನನ ಕುಂಟ ಮಗ ಮೆಫೀಬೋಶೆತನೂ ಅಷ್ಟೇ, ವಂಶಾವಳಿಯಲ್ಲಿ ಅವನು ಮೆರೀಬ್ಬಾಳ.

ಹಳೆಯ ಹೆಸರು ಸುಮ್ನೆ ಕಾಗದದ ಮೇಲಿನದಲ್ಲ. ಯೆರೂಸಲೇಮಿನಿಂದ ಸುಮಾರು 30 ಕಿಲೋಮೀಟರ್ ದೂರದ ಖಿರ್ಬೆತ್ ಕೆಯಾಫಾದಲ್ಲಿ 2012ರಲ್ಲಿ ಒಡೆದ ಮಣ್ಣಿನ ಹಂಡೆಯೊಂದು ಸಿಕ್ಕಿತು. ಚೂರುಗಳನ್ನು ಜೋಡಿಸಿ ಅಂಟಿಸಿದಾಗ ಅಕ್ಷರ ಕಾಣಿಸಿತು: ‘ಎಷ್ಬಾಳ ಬೆನ್ ಬೆದಾ’, ಬೆದಾನ ಮಗ ಎಷ್ಬಾಳ. ಮಣ್ಣು ಹಸಿಯಿದ್ದಾಗಲೇ ಗೀರಿ, ಆಮೇಲೆ ಸುಟ್ಟದ್ದು. ಮೂರು ಸಾವಿರ ವರ್ಷ ಹಳೆಯದು. ಇವನು ಸೌಲನ ಮಗನಲ್ಲ, ಬೇರೆ ಯಾರೋ. ಆದರೂ ಆ ಕಾಲದಲ್ಲಿ ಆ ಹೆಸರನ್ನು ಯಾವ ಅಳುಕೂ ಇಲ್ಲದೆ ಇಡುತ್ತಿದ್ದರು ಅನ್ನುವುದಕ್ಕೆ ಇನ್ನೇನು ಬೇಕು, ಅಲ್ವಾ? ಅದರ ಫೋಟೊ ಮೊದಲು ನೋಡಿದ ದಿನ ನಾನು ಎಷ್ಟೋ ಹೊತ್ತು ಪುಟ ತಿರುಗಿಸಲಿಲ್ಲ.

ವಂಶಾವಳಿ ಬಂದರೆ ಹೆಚ್ಚಿನವರು ಹಾರಿಸಿ ಓದುತ್ತಾರೆ. ನೀವು ನಿಂತು ನೋಡಿದ್ದೀರಿ, ತುಂಬ ಸಂತೋಷವಾಯಿತು. ಇನ್ನೊಂದು ಜೋಡಿ ಕೊಡುತ್ತೇನೆ: 2 ಸಮುವೇಲ 5:16 ಮತ್ತು 1 ಪೂರ್ವಕಾಲವೃತ್ತಾಂತ 14:7. ಎರಡೂ ಕಡೆ ದಾವೀದನ ಮಕ್ಕಳ ಪಟ್ಟಿಯಿದೆ. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಹೋಲಿಸಿ. ಎಲ್ಯಾದನ ಹತ್ತಿರ ನಿಮ್ಮ ಬೆರಳು ನಿಲ್ಲುತ್ತದೆ.