ಹಳೆ ಪ್ರೀಮಿಯರ್ ಪದ್ಮಿನಿ: ಓಡುವ ಎಂಜಿನ್ ಮುಖ್ಯವೋ, ಗಟ್ಟಿ ಬಾಡಿಯೋ?

ತಾತನ ಮನೆಯಲ್ಲಿದ್ದಂಥ ಪದ್ಮಿನಿ ಕಾರು ಬೇಕು, ಎರಡು ಗಾಡಿ ನೋಡಿದ್ದೇನೆ ಅಂತ ಬರೆದಿದ್ದೀರಿ. ಒಂದು ಫಳಫಳ ಹೊಳೆಯುತ್ತದೆ, ಚೆನ್ನಾಗಿ ಓಡುತ್ತದೆ, ಆದರೆ ಬಾಗಿಲ ಕೆಳಗೆ ತುಕ್ಕಿದೆ. ಇನ್ನೊಂದರ ಬಾಡಿ ಗಟ್ಟಿ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಯಾವುದು ತಗೊಳ್ಳಲಿ ಅನ್ನುವುದು ನಿಮ್ಮ ಪ್ರಶ್ನೆ.

ಎರಡನೆಯದು. ಯೋಚನೆಯೇ ಬೇಡ.

ಪದ್ಮಿನಿಗೆ ಬೇರೆ ಚಾಸಿ, ಅಂದರೆ ಗಾಡಿಯನ್ನು ಹೊರುವ ಅಡಿ ಚೌಕಟ್ಟು ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ತಳಕ್ಕೆ ತುಕ್ಕು ಹಿಡಿದರೆ ಇಡೀ ಗಾಡಿಯೇ ಸೊರಗುತ್ತದೆ. ನಾನು ಕೊಂಡ 1986ರ ಗಾಡಿಯೂ ಹೀಗೇ ಹೊಳೆಯುತ್ತಿತ್ತು. ಮೊದಲ ಮಳೆಗಾಲದಲ್ಲಿ ಮ್ಯಾಟ್ ಒದ್ದೆಯಾಯಿತು. ಎತ್ತಿ ನೋಡಿದರೆ ತಗಡೇ ಇಲ್ಲ, ಬರೀ ತೂತು ಮುಚ್ಚುವ ಪುಟ್ಟಿ ಮತ್ತು ಟಾರು. ಸ್ಕ್ರೂಡ್ರೈವರ್ ಒತ್ತಿದರೆ ರಸ್ತೆ ಕಾಣುತ್ತಿತ್ತು. ನಾಲ್ಕು ತಿಂಗಳು ಟಿಂಕರಿಂಗ್, ಅಂದರೆ ತಗಡಿನ ಕೆಲಸ ಆಯಿತು. ಗಾಡಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡು ಅದಕ್ಕೇ ಹೋಯಿತು.

ಎಂಜಿನ್ ವಿಷಯ ಹಾಗಲ್ಲ. ಫಿಯೆಟ್ 1100 ಕಾರಿನಿಂದ ಬಂದ 1089 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸುವ ಒಂದು ಕಾರ್ಬ್ಯುರೇಟರ್. ಹಳೆ ಕೈ ಮೆಕ್ಯಾನಿಕ್‌ಗೆ ಇದು ನೀರು ಕುಡಿದಷ್ಟು ಸುಲಭ. ನಿಂತ ಗಾಡಿಯಲ್ಲಿ ಸಾಮಾನ್ಯವಾಗಿ ಕಾರ್ಬ್ಯುರೇಟರ್ ಕಟ್ಟಿರುತ್ತದೆ, ಕಿಡಿಗೆ ಬೇಕಾದ ಪಾಯಿಂಟ್ ಸುಟ್ಟಿರುತ್ತದೆ, ಇಲ್ಲವೇ ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಮ್, ಅಂದರೆ ಒಳಗಿನ ತೆಳು ಪೊರೆ ಹರಿದಿರುತ್ತದೆ. ಟಾಪ್ ಗೇರಿಗೆ ಹಾಕಿ ಮೆಲ್ಲಗೆ ತಳ್ಳಿ ನೋಡಿ. ಫ್ಯಾನ್ ಬೆಲ್ಟ್ ತಿರುಗಿದರೆ ಎಂಜಿನ್ ಜಾಮ್ ಆಗಿಲ್ಲ ಅಂತ ಅರ್ಥ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಆದರೆ ಲ್ಯಾಂಪ್, ಕ್ರೋಮ್ ಪಟ್ಟಿ, ಬಾಗಿಲ ಹಿಡಿ ಎಲ್ಲಾ ಗಾಡಿಯಲ್ಲೇ ಇರಲಿ. ಅವನ್ನು ಹುಡುಕುವುದೇ ಕಷ್ಟ.

ಆರ್‌ಸಿ ಚಾಲ್ತಿಯಲ್ಲಿದೆಯಾ, ಬಾಡಿಯ ಮೇಲಿರುವ ಚಾಸಿ ನಂಬರ್ ಅದಕ್ಕೆ ಹೊಂದುತ್ತದೆಯಾ ನೋಡಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ ಬೇಕು. 2021ರ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ. ಅದರಲ್ಲಿ ದಿನನಿತ್ಯ ಓಡಿಸುವಂತಿಲ್ಲ, ಹಾಗಾಗಿ ನಿಮಗೆ ಅದು ಬೇಡ.

ತಂದ ಮೇಲೆ ಪೆಟ್ರೋಲ್ ಹೋಸ್‌ಗಳನ್ನೆಲ್ಲ ಬದಲಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆ ರಬ್ಬರನ್ನು ತಿನ್ನುತ್ತದೆ, ಸೋರಿದರೆ ಬೆಂಕಿಯ ಭಯ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಲೇಬೇಡಿ, ಒಳಗೆಲ್ಲ ಸುಣ್ಣ ಕಟ್ಟುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಮುಂದಿನ ಗಾಡಿಗೆ ದೂರ ಬಿಟ್ಟೇ ಓಡಿಸಿ. ವಾರಕ್ಕೊಮ್ಮೆ ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸಾಲದು. ಹತ್ತು ಕಿಲೋಮೀಟರಾದರೂ ಸುತ್ತಿಸಿ, ಎಂಜಿನ್ ಪೂರ್ತಿ ಬಿಸಿಯಾಗಬೇಕು.

ದುಡ್ಡು ಕೊಡುವ ಮುಂಚೆ ಆ ಗಟ್ಟಿ ಬಾಡಿಯನ್ನೂ ಇನ್ನೊಮ್ಮೆ ನೋಡಿ ಬನ್ನಿ. ಟಾರ್ಚ್ ಮತ್ತು ಬಟ್ಟೆ ಸುತ್ತಿದ ಅಯಸ್ಕಾಂತ ಜೊತೆಗಿರಲಿ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ಇದೆ. ಬಾಗಿಲು ತೆರೆದಾಗ ಕೆಳಗೆ ಜಗ್ಗುತ್ತದಾ ನೋಡಿ, ಡಿಕ್ಕಿಯ ತಳ ಮುಟ್ಟಿ ನೋಡಿ. ಜೋರು ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು.