ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿದ್ದರೂ ಯುದ್ಧದ ಬಿಸಿ ಯಾಕೆ?

ಚಳ್ಳಕೆರೆಯಲ್ಲಿ ಇಷ್ಟೊಂದು ಎಣ್ಣೆ ಮಿಲ್ಲುಗಳಿದ್ದರೂ 2022ರಲ್ಲಿ ಉಕ್ರೇನ್ ಯುದ್ಧಕ್ಕೆ ನಮ್ಮ ಎಣ್ಣೆ ರೇಟು ಯಾಕೆ ಏರಿತು ಅಂತ ಕೇಳಿದ್ದೀರಿ. ನಮ್ಮಲ್ಲಿ ಆಡಿಸೋದು ಹೆಚ್ಚಾಗಿ ಶೇಂಗಾ. ಅಂಗಡಿಯಲ್ಲಿ ಜಾಸ್ತಿ ಹೋಗೋದು ಸೂರ್ಯಕಾಂತಿ, ಪಾಮಾಯಿಲ್ ಪ್ಯಾಕೆಟ್. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದಲೇ ಬರುತ್ತದೆ, ಸೂರ್ಯಕಾಂತಿ ಎಣ್ಣೆಯಂತೂ ಆಗ ಬಹುಪಾಲು ಉಕ್ರೇನಿಂದ. ಫೆಬ್ರವರಿಯಲ್ಲಿ ಯುದ್ಧ ಶುರುವಾಗಿ ಅಲ್ಲಿನ ಕಪ್ಪು ಸಮುದ್ರದ ಬಂದರುಗಳು ಬಂದ್ ಆದವು, ಎಲ್ಲರೂ ಪಾಮಾಯಿಲ್ ಕಡೆ ತಿರುಗಿದರು, ಅಷ್ಟರಲ್ಲಿ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ಅದರ ರಫ್ತನ್ನೇ ನಿಲ್ಲಿಸಿಬಿಟ್ಟಿತು.

ಆ ಸರ್ಕಾರವನ್ನು ಸುಮ್ನೆ ಬೈಯಬೇಡಿ. ಅಷ್ಟು ಪಾಮಾಯಿಲ್ ತೆಗೆಯುವ ದೇಶದಲ್ಲೇ ಜನ ಎಣ್ಣೆಗೆ ಕ್ಯೂ ನಿಂತಿದ್ದರು. ಆದರೆ ತಾಳೆಹಣ್ಣಿನ ರೇಟು ಬಿದ್ದು ರೈತರು ಬೀದಿಗಿಳಿದರು, ಮೇ 23ಕ್ಕೆ ನಿಷೇಧ ತೆಗೆದರು. ನಾವೂ ಅದೇ ಮೇ 13ಕ್ಕೆ ಗೋಧಿ ರಫ್ತು ನಿಲ್ಲಿಸಿದೆವು, ಅಲ್ವಾ? ಎರಡೂ ಕಡೆ ಸರ್ಕಾರಕ್ಕೆ ಮೊದಲು ನೆನಪಾಗಿದ್ದು ಕೊಳ್ಳೋರು, ಬೆಳೆದವರ ರೇಟು ಆಮೇಲೆ. ಇದೇ ನನಗೆ ಬೇಸರ. ನಮ್ಮ ಶೇಂಗಾ ರೈತರಿಗೆ ನಾಲ್ಕು ವರ್ಷ ನಂಬುವಂಥ ರೇಟು ಸಿಗಲಿ, ಆಗ ಚಳ್ಳಕೆರೆ ಮಿಲ್ಲುಗಳ ಬಗ್ಗೆ ನೀವು ಕೇಳಿದ್ದಕ್ಕೆ ಬೇರೆಯೇ ಉತ್ತರ ಕೊಡಬಹುದು.